ರುಮಾಲಿನ ಮೇಲೆ ತೆಗೆದ ಅಳತೆ

ನನಗೆ ಈಗ ಮೂವತ್ತು ವರ್ಷ, ಮತ್ತು ನಾನು ನಿವೃತ್ತ. ಈ ಎರಡು ಮಾತನ್ನು ಒಟ್ಟಿಗೆ ಓದಿ ನಗುವವರು ನಕ್ಕುಬಿಡಲಿ. ಎರಡನೆಯ ಮಹಾಯುದ್ಧಕ್ಕಾಗಿ ಹುಟ್ಟಿದ ಕಚೇರಿ ಯುದ್ಧ ಮುಗಿದ ಕೂಡಲೇ ಮುಚ್ಚಿತು. ಅದರೊಳಗಿದ್ದ ನಮ್ಮನ್ನೆಲ್ಲ ಒಂದು ಹಾಳೆಯ ಆಜ್ಞೆಯಿಂದ ಮನೆಗೆ ಕಳಿಸಿದರು. ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದ ನಾನು ಗೋಕಾಕದ ತುರ್ತು ಟಪಾಲು ಕಚೇರಿಯಲ್ಲಿ ಸ್ಟೋರಿನ ಕಾರಕೂನನಾಗಿದ್ದೆ. ಇಂಥದೇ ಕೆಲಸಕ್ಕೆ ಈಗ ಸೇರುತ್ತಿರುವ ತರುಣರು, ಆ ಕೆಲಸ ನಿಜವಾಗಿ ಹೇಗಿತ್ತು ಎಂದು ಕೇಳುತ್ತಾರೆ.

ಹೇಳುತ್ತೇನೆ. ಆದರೆ ಸಾಹೇಬರನ್ನು ಹೊಗಳುವ, ಬಡ್ತಿಗಳನ್ನು ಎಣಿಸುವ ಬರಹವನ್ನು ನನ್ನಿಂದ ನಿರೀಕ್ಷಿಸಬಾರದು. ನಾನು ಬರೆಯಲು ಕುಳಿತದ್ದು ಒಂದು ಶಬ್ದಕ್ಕಾಗಿ. ನಮ್ಮ ಕಚೇರಿಯ ಸವಾರ ದಸ್ತಗೀರಸಾಬರ ಬಿಡುಗಡೆ ಪತ್ರದಲ್ಲಿ ಆ ಶಬ್ದವಿದೆ: ನಿಷ್ಕಾಳಜಿ. ಆ ಶಬ್ದದಿಂದಾಗಿ ಗಾಡಿ ಬಿಟ್ಟರೆ ಬೇರೆ ಕಸಬು ಅರಿಯದ ಆ ಮನುಷ್ಯನಿಗೆ ವರ್ಷಗಟ್ಟಲೆ ಯಾರೂ ಗಾಡಿ ಮುಟ್ಟಗೊಡಲಿಲ್ಲ. ಆ ಶಬ್ದ ಸುಳ್ಳು. ಸುಳ್ಳೆಂದು ಬಲ್ಲೇ ಅದನ್ನು ಕಾಗದಕ್ಕೆ ಇಳಿಸಿದವರು ಇಬ್ಬರು: ಬರೆಸಿದ ನಮ್ಮ ಕಚೇರಿಯ ಮುಖ್ಯ ಸಾಹೇಬರು, ಬರೆದ ನಾನು.

ನಮ್ಮ ಕಚೇರಿಯ ಕೆಲಸ ಇಷ್ಟೆ. ಧಾನ್ಯದ ಹುಕುಮು, ಸೈನ್ಯದ ಭರ್ತಿಯ ಕಾಗದ, ತಂತಿ ಇಲ್ಲದ ಊರುಗಳ ಸುದ್ದಿ, ಇವನ್ನು ಗೋಕಾಕದಿಂದ ಮೂಡಲಗಿಗೂ ಹುಕ್ಕೇರಿಗೂ ಅದೇ ದಿನ ಮುಟ್ಟಿಸಬೇಕು. ಅದಕ್ಕೆ ನಾಲ್ಕು ಹಳೆಯ ಮೋಟಾರ್ ಸೈಕಲ್ಲುಗಳು, ನಾಲ್ವರು ಸವಾರರು. ಜನ ಆ ಗಾಡಿಗಳನ್ನು ಫಟಫಟಿ ಎನ್ನುತ್ತಿದ್ದರು. ಬೇಸಿಗೆಯಲ್ಲಿ ಮೊಳದುದ್ದ ಧೂಳು, ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು. ಬಂಡಿಯ ಗಾಲಿ ಕೊರೆದ ಗೆರೆಯಲ್ಲಿ ಮುಂದಿನ ಚಕ್ರ ಸಿಕ್ಕಿತೆಂದರೆ ಸವಾರ ನೆಲದ ಮೇಲೆ.

ಹಾಗೆ ಬಿದ್ದು ಒಡೆದ ತಲೆಗಳ ಸುದ್ದಿ ಎಲ್ಲೆಲ್ಲಿಂದಲೋ ಮೇಲಿನವರಿಗೆ ಮುಟ್ಟಿರಬೇಕು. ಸವಾರರೆಲ್ಲ ಹೆಲ್ಮೆಟ್ ಹಾಕಿಯೇ ಗಾಡಿ ಏರಬೇಕೆಂದು ಆಜ್ಞೆ ಬಂತು. ಆಜ್ಞೆ ಒಳ್ಳೆಯದೇ. ಒತ್ತಿದ ಕಾರ್ಕಿನ ಚಿಪ್ಪು, ಮೇಲೆ ಬಿಗಿದ ಕ್ಯಾನ್ವಾಸು, ಒಳಗೆ ತೊಗಲಿನ ಪಟ್ಟಿ, ಗದ್ದದ ಕೆಳಗೆ ಬಕ್ಕಲು. ಪ್ರತಿಯೊಬ್ಬ ಸವಾರನ ತಲೆಯ ಅಳತೆ ಕಳಿಸಿದರೆ ಪುಣೆಯ ಒಂದು ಟೋಪಿ ಕಾರ್ಖಾನೆಯವರು ಮಾಡಿಕೊಡುವವರಿದ್ದರು.

ಅಳತೆ ತೆಗೆದದ್ದು ಸಾಹೇಬರ ಕೋಣೆಯಲ್ಲಿ, ಅವರ ಮೇಜಿನ ಎದುರು. ಬಾಜೂ ಅಂಗಡಿಯ ಸಿಂಪಿಗರಿಂದ ಟೇಪು ತಂದಿದ್ದೆ. ನಾಲ್ವರೂ ರುಮಾಲು ಸುತ್ತಿಕೊಂಡು ಸಾಲಾಗಿ ನಿಂತರು. ಮೊದಲಿಗ ಮೇಲವಂಕಿಯ ಬಾಳಪ್ಪ. ಟೇಪು ಕಂಡೊಡನೆ ಅವನ ಕೈ ತಾನಾಗಿ ರುಮಾಲಿಗೆ ಹೋಯಿತು.

“ಏ ಬಾಳಪ್ಪ!” ಸಾಹೇಬರು ಗುಡುಗಿದರು. “ಯಾರ ಸತ್ತಾರ ಇಲ್ಲಿ? ನನ್ನ ಮುಂದ ಬೋಳ ತಲೀಲೆ ನಿಂದ್ರತಿಯೇನ?”

“ಇಲ್ರಿ ಸಾಹೇಬ್ರ, ತಲಿ ಅಳತಿ ಅಂದ್ರಲ್ರಿ, ಅದಕ್ಕ...”

“ತಲಿ ರುಮಾಲಿನೊಳಗ ಐತೋ ಇಲ್ಲೋ?”

“ಐತ್ರಿ.”

“ಮತ್ತ? ಹಂಗ ತಗೋರಿ ಕಾರಕೂನ್ರ. ಟಪಾಲ ಹೊರಡೂ ಹೊತ್ತಾತು.”

ಹಿರಿಯರ ಎದುರು ತಲೆ ಬಯಲು ಮಾಡುವುದು ನಮ್ಮ ಸೀಮೆಯಲ್ಲಿ ಸಾವಿನ ಸುದ್ದಿ ಹೊತ್ತು ಬಂದವನ ಲಕ್ಷಣ. ಆ ಪದ್ಧತಿಯನ್ನು ನಾನು ಬೈಯುವುದಿಲ್ಲ. ಅದು ನಮ್ಮ ಜನರ ಮರ್ಯಾದೆ. ಪದ್ಧತಿ ಎಲ್ಲಿ ನಿಲ್ಲಬೇಕು, ಟೇಪು ಎಲ್ಲಿ ಕೂಡಬೇಕು ಎಂಬುದನ್ನು ಬೇರ್ಪಡಿಸಲಾರದ ವಿದ್ಯಾವಂತನನ್ನು ಬೈಯುತ್ತೇನೆ. ನಾಲ್ವರನ್ನೂ ಹೊರಗಿನ ಪಡಸಾಲೆಗೆ ಕರೆದೊಯ್ದು, “ಇಲ್ಲಿ ಯಾರೂ ಇಲ್ಲ, ರುಮಾಲು ತೆಗೆಯಿರಿ” ಎಂದಿದ್ದರೆ ಮುಗಿಯುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ರುಮಾಲಿನ ಮೇಲೆಯೇ ಟೇಪು ಸುತ್ತಿದೆ. ಬಾಳಪ್ಪನದು ಇಪ್ಪತ್ತೆಂಟು ಇಂಚು. ದಸ್ತಗೀರಸಾಬರದು ಇಪ್ಪತ್ತಾರೂವರೆ.

“ಬೀಯೇ ಸಾಹೇಬ್ರ,” ದಸ್ತಗೀರಸಾಬರು ಪಿಸುಗುಟ್ಟಿದರು. ನನ್ನ ಪದವಿಯನ್ನೇ ಅವರು ನನ್ನ ಹೆಸರಾಗಿ ಮಾಡಿದ್ದರು. “ಬಾಳಪ್ಪಗಿಂತ ನನ್ನ ತಲಿ ಸಣ್ಣದ ಬಂತಲ್ರಿ. ಶಾಣೇತನ ರುಮಾಲಿನ್ಯಾಗ ಇರತೈತಿ ಅಂತಾತು.”

ಆ ಜಾಣತನದ ಮಾತಿಗೆ ನಾಲ್ವರೂ ನಕ್ಕರು, ನಾನೂ ನಕ್ಕೆ. ಇಪ್ಪತ್ತೆಂಟು ಇಂಚಿನ ತಲೆ ಮನುಷ್ಯರಿಗೆ ಇರುತ್ತದೆಯೇ ಎಂದು ಒಂದು ಕ್ಷಣ ಯೋಚಿಸಲಿಲ್ಲ. ಯಾದಿಯ ಕೆಳಗೆ ಸಹಿ ಹಾಕಿದೆ.

ಕೆಲವು ದಿನಗಳಲ್ಲಿ ಕಾರ್ಖಾನೆಯಿಂದ ಪತ್ರ ಬಂತು. ಇಷ್ಟು ದೊಡ್ಡ ತಲೆಗಳಿಗೆ ತಾವು ಈವರೆಗೆ ಟೋಪಿ ಮಾಡಿಲ್ಲ, ಅಳತೆ ಖಚಿತವೇ ಎಂದು ಕೇಳಿದ್ದರು. ಆ ಪತ್ರ ಬರೆದ ಅಪರಿಚಿತ ಗುಮಾಸ್ತನಿಗೆ ನಾನು ಇಂದಿಗೂ ಮನಸ್ಸಿನಲ್ಲಿ ಕೈಮುಗಿಯುತ್ತೇನೆ. ಇಡೀ ಪ್ರಕರಣದಲ್ಲಿ ತನ್ನ ಕೆಲಸ ಮಾಡಿದವನು ಅವನೊಬ್ಬನೇ. ಪತ್ರವನ್ನು ಸಾಹೇಬರ ಮುಂದಿಟ್ಟೆ.

“ಇವ್ರಿಗೇನ ಗೊತ್ತು ನಮ್ಮ ಮಂದಿ ತಲಿ? ಖಚಿತ ಅಂತ ಬರೀರಿ.”

“ಒಮ್ಮೆ ಮತ್ತ ಅಳದ ನೋಡೂಣೇನ್ರಿ?”

“ಒಂದ ಕೆಲಸ ಎರಡ ಸಲ ಮಾಡಾಕ ಪಗಾರ ಕೊಡೂದಿಲ್ಲ ಸರಕಾರ.”

ಖಚಿತ ಎಂದು ಬರೆದೆ.

ಅದೇ ವಾರ ಸಾಹೇಬರು ತಮಗೊಂದು ಬಿಸಿಲು ಟೋಪಿ ಕೊಳ್ಳಲು ಬೆಳಗಾವಿಗೆ ಹೋದರು. ಕಾಗದಪತ್ರ ಹಿಡಿದು ನಾನು ಜೊತೆಗಿದ್ದೆ. ಅಂಗಡಿಯಲ್ಲಿ ಅವರು ಹನ್ನೊಂದು ಟೋಪಿ ಹಾಕಿ ನೋಡಿದರು. ಒಂದು ಹಣೆಗೆ ಒತ್ತುತ್ತಿತ್ತು, ಇನ್ನೊಂದು ಕಿವಿಗೆ ತಾಗುತ್ತಿತ್ತು. ಕನ್ನಡಿಯ ಮುಂದೆ ತಲೆ ಅಲ್ಲಾಡಿಸಿ, ಬಗ್ಗಿ, ಎದ್ದು, ಹನ್ನೊಂದನೆಯದನ್ನು ಆರಿಸಿದರು. ಸಾಹೇಬರು ತಿರುಗಾಡುತ್ತಿದ್ದದ್ದು ಕಾರಿನಲ್ಲಿ. ಕಾರಿನೊಳಗೆ ಕೂಡುವ ತಲೆಗೆ ಹನ್ನೊಂದು ಟೋಪಿಯ ಪರೀಕ್ಷೆ, ಫಟಫಟಿಯ ಮೇಲೆ ಗಾಳಿ ಸೀಳುವ ತಲೆಗೆ ಒಂದು ಶಬ್ದದ ಪತ್ರ! ಹೆಲ್ಮೆಟ್ ಆರಿಸುವ ಸರಿಯಾದ ಕ್ರಮ ಆ ಮನುಷ್ಯನಿಗೆ ಗೊತ್ತಿರಲಿಲ್ಲವೆಂದು ಯಾರಾದರೂ ವಾದಿಸಿದರೆ ನಾನು ಒಪ್ಪುವುದಿಲ್ಲ. ಗೊತ್ತಿತ್ತು. ತನ್ನ ತಲೆಯ ಮಟ್ಟಿಗೆ ಚೆನ್ನಾಗಿ ಗೊತ್ತಿತ್ತು.

ಹೆಲ್ಮೆಟ್ಟುಗಳು ಬಂದವು. ರುಮಾಲಿನ ಮೇಲಿಟ್ಟರೆ ಅಗಲ ಸಾಕಾಗುತ್ತಿತ್ತು, ಆಳ ಸಾಲುತ್ತಿರಲಿಲ್ಲ. ಕುಂಬಳಕಾಯಿಯ ಮೇಲೆ ಬೋಗುಣಿ ಬೋರಲು ಹಾಕಿದಂತೆ ತುದಿಯಲ್ಲಿ ಓಲಾಡುತ್ತಿದ್ದವು. ರುಮಾಲು ತೆಗೆದು ಹಾಕಿಕೊಂಡರೆ ಮೂಗಿನವರೆಗೆ ಇಳಿಯುತ್ತಿದ್ದವು. ಇದನ್ನು ಕಂಡ ಸಾಹೇಬರು ಹೊಸ ಆಜ್ಞೆ ಹೊರಡಿಸಿದರು: ಹೆಲ್ಮೆಟ್ಟಿನ ಕೆಳಗೆ ರುಮಾಲು ಕೂಡದು. ಅಳತೆಯ ದಿನ ಸಾವಿನ ಲಕ್ಷಣವಾಗಿದ್ದ ಬೋಳು ತಲೆ ಈಗ ಶಿಸ್ತಿನ ಲಕ್ಷಣವಾಯಿತು.

“ಸಾಹೇಬ್ರ, ಭಾಳ ಸಡ್ಲ ಆಗೈತ್ರಿ,” ಎಂದು ದಸ್ತಗೀರಸಾಬರು ಸ್ಪಷ್ಟವಾಗಿ ಹೇಳಿದರು. ನಾನು ಅಲ್ಲೇ ನಿಂತಿದ್ದೆ.

“ಬಿಗಿ ಆಗಿದ್ರ ತಕರಾರ ಮಾಡು. ಸಡ್ಲ ಇದ್ರ ಆರಾಮ ಅಲ್ಲೇನೊ?”

ತರುಣರೇ, ಈ ಮಾತನ್ನು ನೆನಪಿಡಿ. ನಿಮಗೂ ಇದನ್ನು ಹೇಳುವವರು ಸಿಗುತ್ತಾರೆ. ಸಡಿಲವೇ ಆರಾಮ ಎನ್ನುವುದು ಹೆಲ್ಮೆಟ್ಟಿನ ವಿಷಯದಲ್ಲಿ ಕೊಲ್ಲುವ ಸುಳ್ಳು. ಸಡಿಲವಾದದ್ದು ಕುಣಿಯುತ್ತದೆ, ಕುಣಿದದ್ದು ಉಜ್ಜುತ್ತದೆ, ಉಜ್ಜಿದ್ದನ್ನು ಸರಿಪಡಿಸಲು ಕೈ ಹ್ಯಾಂಡಲ್ ಬಿಡುತ್ತದೆ. ಸವಾರರು ತಮಗೆ ತಿಳಿದ ಉಪಾಯ ಮಾಡಿದರು. ಬಾಳಪ್ಪನ ಹೆಂಡತಿ ಕೌದಿಯ ಚಿಂದಿ ತುರುಕಿ ಕೊಟ್ಟಳು. ದಸ್ತಗೀರಸಾಬರು ಅರಳೆ ತುಂಬಿಕೊಂಡರು. ಗೋಕಾಕ ಬಿಡುವಾಗ ಬಿಗಿಯಾಗಿದ್ದದ್ದು ಬೆವರಿಗೆ ತೊಯ್ದು, ಮೂಡಲಗಿ ಮುಟ್ಟುವಷ್ಟರಲ್ಲಿ ಗಟ್ಟಿ ಉಂಡೆಯಾಗಿ ಒಂದು ಬದಿಗೆ ಜಾರಿರುತ್ತಿತ್ತು.

ಮೂಡಲಗಿ ಸಂತೆಯಲ್ಲಿ ಅವರಿಗೆ ಹೊಸ ಹೆಸರು ಹುಟ್ಟಿತು. ಅಡಿಗೆಯ ಪಾತ್ರೆಗೆ ಡಬರಿ ಎನ್ನುತ್ತೇವೆ. ಸವಾರರು ಡಬರಿ ಟೊಪಗಿಯವರಾದರು.

“ಏನೋ ತಮ್ಮಾ,” ಉಳ್ಳಾಗಡ್ಡಿ ಮಾರುವ ಮುದುಕಿಯೊಬ್ಬಳು ಬಾಳಪ್ಪನನ್ನು ತಡೆದಳಂತೆ, “ಮನ್ಯಾಗಿನ ಡಬರಿ ಹೊತಗೊಂಡ ಬಂದೀಯಲ್ಲೊ, ಹೇಣ್ತಿ ಅಡಗಿ ಹೆಂಗ ಮಾಡಬೇಕ?”

“ಅಕೀನ ಹೊರಿಸಿ ಕಳಿಸ್ಯಾಳ ಆಯೀ, ಅಡಗಿ ಮಾಡೂದು ತಪ್ಪಲಿ ಅಂತ.”

ಕಚೇರಿಯಲ್ಲಿ ಈ ಮಾತಿಗೆ ಎರಡು ದಿನ ನಕ್ಕೆವು. ನಗುವಷ್ಟು ದಿನವೂ ಆ ಹೆಲ್ಮೆಟ್ಟುಗಳನ್ನು ಹಿಂದಕ್ಕೆ ಕಳಿಸಲು ಸಮಯವಿತ್ತು.

ಒಂದು ಮಧ್ಯಾಹ್ನ ದಸ್ತಗೀರಸಾಬರು ಮೂಡಲಗಿಗೆ ಹೊರಟಿದ್ದರು. ಮೇಲವಂಕಿಯ ಹತ್ತಿರದ ತಿರುವಿನಲ್ಲಿ ಗಾಡಿ ತಗ್ಗಿಗಿಳಿದು ಕುಪ್ಪಳಿಸಿ, ಹೆಲ್ಮೆಟ್ಟು ಮುಂದಕ್ಕೆ ಜಾರಿ ಕಣ್ಣು ಮುಚ್ಚಿತು. ಅದನ್ನು ಹಿಂದಕ್ಕೆ ತಳ್ಳಲು ಅವರು ಒಂದು ಕೈ ಎತ್ತಿದರು. ಗಾಡಿ ಸಣ್ಣ ಸೇತುವೆಯ ಕಟ್ಟೆಗೆ ಬಡಿಯಿತು. ಹಿಂದಿನಿಂದ ಬರುತ್ತಿದ್ದ ಬಾಳಪ್ಪ ಅವರನ್ನು ಒಂದು ಬಂಡಿಗೆ ಹಾಕಿ ಗೋಕಾಕದ ದವಾಖಾನೆಗೆ ಸಾಗಿಸಿ, ಕಚೇರಿಗೆ ಓಡಿ ಬಂದು ಸುದ್ದಿ ಹೇಳಿದ.

ಗಾಡಿ ನೋಡಿ ಬರಲು ಸಾಹೇಬರು ನನ್ನನ್ನು ಕಳಿಸಿದರು. ಗಾಡಿ ಕಟ್ಟೆಯ ಕೆಳಗೆ ಬಿದ್ದಿತ್ತು. ಹೆಲ್ಮೆಟ್ಟು ಅಲ್ಲಿಂದ ಇಪ್ಪತ್ತು ಹೆಜ್ಜೆ ಆಚೆ, ಜೋಳದ ಕೂಳೆಯ ನಡುವೆ ಇತ್ತು. ಎತ್ತಿ ನೋಡಿದೆ. ಚಿಪ್ಪಿನ ಮೇಲೆ ಒಂದು ಗೀರೂ ಇರಲಿಲ್ಲ. ಗದ್ದದ ಪಟ್ಟಿಯ ಬಕ್ಕಲು ಹಾಕಿದ್ದು ಹಾಕಿದ ಹಾಗೆಯೇ ಇತ್ತು. ಅಂದರೆ ಅವರು ನಿಯಮದಂತೆ ಪಟ್ಟಿ ಬಿಗಿದಿದ್ದರು. ತಲೆ ಕಲ್ಲಿಗೆ ತಾಗುವ ಮೊದಲೇ ಆ ಹೆಲ್ಮೆಟ್ಟು, ಬಕ್ಕಲು ಬಿಚ್ಚದೆ, ಅವರ ತಲೆಯಿಂದ ಇಡಿಯಾಗಿ ಕಳಚಿ ಹಾರಿತ್ತು.

ದಸ್ತಗೀರಸಾಬರು ಬದುಕಿದರು. ಹುಬ್ಬಿನಿಂದ ಕಿವಿಯವರೆಗೆ ಗಾಯದ ಕಲೆ ಉಳಿಯಿತು, ದವಡೆ ಸೊಟ್ಟಗೆ ಕೂಡಿತು. ಇಂದಿಗೂ ಅವರು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಯೇ ತಿನ್ನಬೇಕು.

ವಿಚಾರಣೆ ಮಾಡಿದವರು ನಮ್ಮ ಸಾಹೇಬರೇ. ತಾನು ಕೊಟ್ಟ ಆಜ್ಞೆಯ ವಿಚಾರಣೆಯನ್ನು ತಾನೇ ಮಾಡುವ ವ್ಯವಸ್ಥೆಯನ್ನು ಕಂಡುಹಿಡಿದವರು ಯಾರೋ, ಅವರಿಗೆ ಸಾಹೇಬರುಗಳೆಲ್ಲ ಸೇರಿ ಗುಡಿ ಕಟ್ಟಿಸಬೇಕು. ‘ಸವಾರ ಗದ್ದದ ಪಟ್ಟಿ ಹಾಕಿರಲಿಲ್ಲ. ಅಪಘಾತಕ್ಕೆ ಆತನ ನಿಷ್ಕಾಳಜಿಯೇ ಕಾರಣ’ ಎಂದು ಅವರು ಹೇಳಿ ಬರೆಸಿದರು. ನಾನು ಲೇಖನಿ ಕೆಳಗಿಟ್ಟೆ.

“ಬಕ್ಕಲ್ ಹಾಕಿದ್ದು ಹಂಗ ಐತ್ರಿ ಸಾಹೇಬ್ರ. ನಾನ ಕಣ್ಣಾರೆ ನೋಡೇನಿ.”

“ಬಿದ್ದಮ್ಯಾಗ ಯಾರರೆ ಹಾಕಿರಬೇಕು.”

“ತಲಿ ಒಡದು ಬಿದ್ದಾವ್ನ ಬಿಟ್ಟು ಬಕ್ಕಲ್ ಹಾಕಾಕ ಯಾರ ಹೋಗತಾರ್ರಿ? ಟೊಪಗಿ ದೊಡ್ಡದಿತ್ತು. ಅಳತಿನ ತಪ್ಪಿತ್ತು.”

ಸಾಹೇಬರು ಸಿಟ್ಟಾಗಲಿಲ್ಲ. ಎದ್ದು ಕಡತ ತಂದರು, ನಾನು ಸಹಿ ಮಾಡಿದ್ದ ಅಳತೆಯ ಯಾದಿಯನ್ನು ನನ್ನ ಕಡೆ ತಿರುಗಿಸಿದರು.

“ಅಳತಿ ತಗೊಂಡಾವ್ರು ಯಾರ್ರಿ? ಸಹಿ ಯಾರ್ದು? ಬರೀರಿ, ಅಳತಿ ತಪ್ಪಿತ್ತು ಅಂತನ ಬರೀರಿ. ಆಮ್ಯಾಲ ಇಬ್ಬರೂ ಕೂಡೇ ಮನೀಗೆ ಹೋಗ್ರಿ, ನೀವೂ ದಸ್ತಗೀರನೂ.”

ನಾನು ಲೇಖನಿ ಎತ್ತಿಕೊಂಡೆ. ವರದಿಯಲ್ಲೂ, ದಸ್ತಗೀರಸಾಬರನ್ನು ಕೆಲಸದಿಂದ ತೆಗೆದ ಬಿಡುಗಡೆ ಪತ್ರದಲ್ಲೂ ನಿಷ್ಕಾಳಜಿ ಎಂದು ಬರೆದೆ. ಅಕ್ಷರ ಚೆನ್ನಾಗಿಯೇ ಬಂದಿತ್ತು.

ಇನ್ನು ಮೂವರ ತಲೆಗಳು ಉಳಿದಿದ್ದವು. ಸಾಹೇಬರು ಹೆಲ್ಮೆಟ್ಟುಗಳನ್ನು ಬದಲಿಸಲಿಲ್ಲ, ಏಕೆಂದರೆ ಬದಲಿಸಿದರೆ ತಪ್ಪು ಒಪ್ಪಿದಂತಾಗುತ್ತಿತ್ತು. ಬಾಳಪ್ಪನೇ ಒಂದು ದಿನ ನನ್ನನ್ನು ಗೋಕಾಕದ ವಿಠ್ಠೋಬಾ ಕಾಕಾ ಎಂಬ ಜೀನಗಾರರ ಮನೆಗೆ ಎಳೆದೊಯ್ದ. ಅವರ ಹಿರಿಯರು ಕುದುರೆಯ ಜೀನು ಹೊಲಿಯುತ್ತಿದ್ದರು. ಕುದುರೆಗಳು ಕಡಿಮೆಯಾದ ಮೇಲೆ ಕಾಕಾ ಹಗುರ ಕಟ್ಟಿಗೆ ಕೆತ್ತಿ, ಬಣ್ಣ ಹಚ್ಚಿ ಗೊಂಬೆ, ಹಣ್ಣು, ಕಾಯಿಪಲ್ಲೆ ಮಾಡುತ್ತಿದ್ದರು. ಹೆಲ್ಮೆಟ್ಟನ್ನು ತಿರುಗಿಸಿ ನೋಡಿದ ಅವರು ಕೇಳಿದ ಮೊದಲ ಪ್ರಶ್ನೆ, “ಇದು ಯಾವ ಆನೀದು?”

ನಾನು ಅಳತೆಯ ಕಥೆ ಹೇಳಿದೆ. ಕಾಕಾ ಎದ್ದು ಬಾಗಿಲು ಮುಂದೆ ಮಾಡಿದರು.

“ಇಲ್ಲಿ ಹಿರೇರಿಲ್ಲ, ಸಾಹೇಬ್ರಿಲ್ಲ. ಬಿಚ್ಚಪಾ ಬಾಳಪ್ಪ ರುಮಾಲ.”

ಹಸಿ ತೊಗಲಿನ ಪಟ್ಟಿಯೊಂದನ್ನು ಅವರು ಹುಬ್ಬಿನ ಮೇಲೆ ಬೆರಳಗಲ ಬಿಟ್ಟು, ಹಿಂದೆ ತಲೆ ಎಲ್ಲಿ ಹೆಚ್ಚು ಉಬ್ಬಿದೆಯೋ ಅಲ್ಲಿಗೆ ಸುತ್ತಿದರು. ಇಪ್ಪತ್ತೆರಡು ಇಂಚು. ನನ್ನ ಸಹಿ ಇದ್ದ ಯಾದಿಗಿಂತ ಆರು ಇಂಚು ಕಡಿಮೆ. ಆಮೇಲೆ ಪಟ್ಟಿಯ ಆಕಾರ ಕೆಡದಂತೆ ಮೆಲ್ಲಗೆ ಎತ್ತಿ ನೆಲದ ಮೇಲಿಟ್ಟು ನನ್ನನ್ನು ಕರೆದರು.

“ನೋಡ್ರಿ, ಸುತ್ತ ಅಳದ್ರ ಮುಗೀಲಿಲ್ಲ. ಇವನ ತಲಿ ಮಾವಿನಕಾಯಿ, ಉದ್ದ. ನಿಮ್ಮದು ಪೇರಲಹಣ್ಣ, ಗುಂಡಗ. ಸುತ್ತಳತಿ ಒಂದ ಇದ್ರೂ ಒಬ್ಬರ ಟೊಪಗಿ ಒಬ್ಬರಿಗೆ ಆಗೂದಿಲ್ಲ. ಇವನಿಗೆ ಹಣಿ ಒತ್ತತೈತಿ, ನಿಮಗ ಕಿವಿ ಮ್ಯಾಲ ಒತ್ತತೈತಿ.”

“ಮತ್ತ ಬಿಗಿ ಎಷ್ಟ ಇರಬೇಕ್ರಿ ಕಾಕಾ?”

“ಜೀನ ಹೆಂಗ ಹಾಕತಾರ? ಕುದರಿ ಉಸಿರಾಡಬೇಕು, ಜೀನ ಅಳ್ಳಾಡಬಾರದು. ಸಡ್ಲ ಜೀನಿನಿಂದನ ಬೆನ್ನ ಹುಣ್ಣ ಆಗೂದು, ಬಿಗಿಯಿಂದಲ್ಲ.”

ಇನ್ನಿಬ್ಬರ ತಲೆಯನ್ನೂ ಹೀಗೆಯೇ ಅಳೆದು, ಮೂರೂ ಹೆಲ್ಮೆಟ್ಟುಗಳ ಒಳಗಿನ ಪಟ್ಟಿ ಕಿತ್ತು, ಗೊಂಬೆಗೆ ಬಳಸುವ ಹಗುರ ಕಟ್ಟಿಗೆಯ ತೆಳು ಬಿಲ್ಲೆಗಳನ್ನು ಒಳಗೆ ಕೂಡಿಸಿ, ಮೇಲೆ ಉಣ್ಣೆಯ ಹಾಸು ಹೊಲಿದು, ಹೊಸ ತೊಗಲು ಬಿಗಿದರು. ಅಲ್ಲಿ ಕಲಿತದ್ದನ್ನು ನಿಮಗೂ ಹೇಳುತ್ತೇನೆ, ಏಕೆಂದರೆ ನಿಮ್ಮ ಸಾಹೇಬರು ಹೇಳುವುದಿಲ್ಲ. ಹೊಸ ಹೆಲ್ಮೆಟ್ಟು ಹಣೆಯ ಚರ್ಮವನ್ನು ಸ್ವಲ್ಪ ಎಳೆಯುವಷ್ಟು ಬಿಗಿ ಇರಲಿ. ಬಳಸಿದಂತೆ ಹಾಸು ತಗ್ಗುತ್ತದೆ. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ಟಿನ ಜೊತೆ ಹಣೆಯ ಚರ್ಮವೂ ಅಲ್ಲಾಡಬೇಕು. ಹೆಲ್ಮೆಟ್ಟೊಂದೇ ತಿರುಗಿದರೆ ಅದು ನಿಮ್ಮದಲ್ಲ. ಬಕ್ಕಲು ಹಾಕಿ, ಹಿಂದಿನಿಂದ ಎತ್ತಿ ಮುಂದಕ್ಕೆ ಕಳಚಲು ಬೇರೆಯವರಿಗೆ ಹೇಳಿ. ಕಳಚಿ ಬಂದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಅರ್ಧ ತಾಸು ಹಾಕಿಕೊಂಡು ಕೂಡಿ. ತೆಗೆದಾಗ ಹಣೆಯ ಸುತ್ತ ಒಂದೇ ಸಮನೆ ತಿಳಿಗೆಂಪು ಗೆರೆ ಇದ್ದರೆ ಸರಿ, ಒಂದೇ ಕಡೆ ಗಾಢವಾದ ಗುರುತು ಬಿದ್ದರೆ ಆಕಾರ ನಿಮ್ಮದಲ್ಲ. ಚಿಂದಿ, ಅರಳೆ ತುರುಕಿ ದೊಡ್ಡದನ್ನು ಸಣ್ಣದು ಮಾಡಬೇಡಿ. ಈ ಪರೀಕ್ಷೆಗೆ ಒಂದು ತಾಸು ಬೇಕು. ದಸ್ತಗೀರಸಾಬರು ದವಾಖಾನೆಯಲ್ಲಿ ಮೂರು ತಿಂಗಳು ಮಲಗಿದ್ದರು.

ಮುಂದಿನ ಮಳೆಗಾಲದಲ್ಲಿ ಬಾಳಪ್ಪ ಮೂಡಲಗಿಯ ದಾರಿಯಲ್ಲಿ ಬಿದ್ದ. ಹೆಲ್ಮೆಟ್ಟಿನ ಚಿಪ್ಪು ಅಂಗೈ ಉದ್ದ ಸೀಳಿತು. ಅವನು ಎದ್ದು ಮೈಗೆ ಮೆತ್ತಿದ ಕೆಸರು ಒರೆಸಿ, ಟಪಾಲು ಮುಟ್ಟಿಸಿಯೇ ಬಂದ. ಆ ಸೀಳಿದ ಚಿಪ್ಪನ್ನೂ ದಸ್ತಗೀರಸಾಬರ ಗೀರಿಲ್ಲದ ಚಿಪ್ಪನ್ನೂ ಒಂದರ ಪಕ್ಕ ಒಂದಿಟ್ಟು ನಾನು ವರದಿ ಬರೆದೆ. ಒಡೆದದ್ದು ತಲೆ ಕಾಯಿತು, ಒಡೆಯದ್ದು ಕಾಯಲಿಲ್ಲ ಎಂದು. ಸಾಹೇಬರು ಅದರ ಅಂಚಿನಲ್ಲಿ ‘ಅವಶ್ಯವಿಲ್ಲ’ ಎಂದು ಬರೆದು ಕಡತಕ್ಕೆ ಸೇರಿಸಿದರು. ಅವರಿಗೆ ಬಡ್ತಿ ಬಂತು. ಅದರ ಬಗ್ಗೆ ಬರೆಯುವುದಿಲ್ಲ. ಕಚೇರಿ ಮುಚ್ಚಿತು.

ಕಳೆದ ತಿಂಗಳು ನಾನು ಹುಕ್ಕೇರಿಗೆ ಹೋಗಿದ್ದೆ. ಅಲ್ಲಿ ಚನ್ನಬಸಪ್ಪ ಸಾವಕಾರರು ಹೊಸದಾಗಿ ಬಸ್ಸು ಓಡಿಸುತ್ತಿದ್ದಾರೆ. ಟಾಯರು, ಬಿಡಿಭಾಗ, ಪೆಟ್ರೋಲಿನ ಬದಲು ಉರಿಸುವ ಇದ್ದಿಲು ನೋಡಿಕೊಳ್ಳಲು ಸ್ಟೋರಿಗೆ ಒಬ್ಬ ಓದಿದವನು ಬೇಕೆಂದು ಹೇಳಿಕಳಿಸಿದ್ದರು. ಕೆಲಸ ನನಗೇ ಎಂದು ಬಹುತೇಕ ನಿಶ್ಚಯವಾಗಿತ್ತು. ಪಡಸಾಲೆ ಹತ್ತಿದರೆ, ಡ್ರೈವರನ ಕೆಲಸ ಕೇಳಿಕೊಂಡು ದಸ್ತಗೀರಸಾಬರು ಕಂಬಕ್ಕೆ ಆತು ನಿಂತಿದ್ದರು. ಅವರ ಬಿಡುಗಡೆ ಪತ್ರ ಸಾವಕಾರರ ಕೈಯಲ್ಲಿತ್ತು.

“ಬರ್ರಿ, ನೀವೂ ಅದ ಕಚೇರಿಯಾವ್ರಲ್ಲ?” ಸಾವಕಾರರು ಕೇಳಿದರು. “ಈ ಮನಶ್ಯಾ ಗಾಡಿ ಛಲೋ ಓಡಸ್ತಾನ. ನಿನ್ನಿ ನೋಡೇನಿ. ಆದ್ರ ಇಲ್ಲಿ ನಿಷ್ಕಾಳಜಿ ಅಂತ ಬರದಾರ. ಮೂವತ್ತ ಮಂದಿ ಜೀವ ಹೆಂಗ ಕೊಡ್ಲಿ ಇವನ ಕೈಯಾಗ? ಖರೆ ಏನೈತಿ ಹೇಳ್ರಿ.”

ದಸ್ತಗೀರಸಾಬರು ನನ್ನ ಮುಖ ನೋಡಲಿಲ್ಲ. ಅಂಗಳದಲ್ಲಿ ನಿಂತ ಬಸ್ಸು ನೋಡುತ್ತಿದ್ದರು.

ನಾನು ಒಂದು ಖಾಲಿ ಹಾಳೆ ಕೇಳಿದೆ. ಅಳತೆಯನ್ನು ರುಮಾಲಿನ ಮೇಲೆ ತೆಗೆದವನು ನಾನು, ಕಾರ್ಖಾನೆಯವರು ಎಚ್ಚರಿಸಿದಾಗಲೂ ಖಚಿತ ಎಂದು ಬರೆದವನು ನಾನು, ಬಕ್ಕಲು ಹಾಕಿದ್ದನ್ನು ಕಂಡೂ ಸುಳ್ಳು ಬರೆದವನು ನಾನು, ಇದೆಲ್ಲವೂ ಸಾಹೇಬರ ಆಜ್ಞೆಯಂತೆ ನಡೆಯಿತು, ಸವಾರನ ನಿಷ್ಕಾಳಜಿ ಏನೂ ಇರಲಿಲ್ಲ ಎಂದು ಬರೆದು, ಸಹಿ ಹಾಕಿ ಕೊಟ್ಟೆ. ಸಾವಕಾರರು ಅದನ್ನು ಗಟ್ಟಿಯಾಗಿ ಓದಿದರು.

“ಇಷ್ಟ ಬರ್ಯಾಕ ಇಷ್ಟ ವರ್ಷ ಹಿಡೀತೇನ್ರಿ ಬೀಯೇ ಸಾಹೇಬ್ರ?” ಎಂದರು ದಸ್ತಗೀರಸಾಬರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಸಾವಕಾರರು ಹಾಳೆಯನ್ನು ಮಡಿಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡರು. “ದಸ್ತಗೀರಸಾಬ್ರ, ನಾಳಿಂದ ಗೋಕಾಕದ ಗಾಡಿ ನಿಮ್ಮದು. ಹೋಗ್ರಿ, ಎಂಜಿನ್ ಒಮ್ಮೆ ನೋಡ್ಕೋರಿ.” ದಸ್ತಗೀರಸಾಬರು ಮೆಟ್ಟಿಲಿಳಿದು ಹೋಗುವ ತನಕ ಕಾದು, ಸಾವಕಾರರು ನನ್ನ ಕಡೆ ತಿರುಗಿದರು.

“ಇವರ ತಪ್ಪಲ್ಲ, ನಮ್ಮ ತಪ್ಪು ಅಂತ ನೀವ ಬರದ ಕೊಟ್ರಿ. ಮತ್ತ ನಿಮಗ ನನ್ನ ಸ್ಟೋರ್ ಹೆಂಗ ಒಪ್ಪಸ್ಲಿ? ನೀವ ಹೇಳ್ರಿ.”

ಯುದ್ಧ ನಡೆದ ಅಷ್ಟೂ ವರ್ಷ ನಮ್ಮ ಕಚೇರಿಯಲ್ಲಿ ಇಂಥ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳಿರಲಿಲ್ಲ. ಕೇಳಿದ್ದರೆ ಒಬ್ಬ ಮನುಷ್ಯನ ದವಡೆ ನೆಟ್ಟಗಿರುತ್ತಿತ್ತು.

“ಒಪ್ಪಸಬ್ಯಾಡ್ರಿ,” ಎಂದೆ.